ಗಿಡ್ಡ ಕುದುರೆಗೂ ಪೂರ್ತಿ ಸೀಸೆ

ಕಟ್ಟಾಯದ ಸುವರ್ಣಮ್ಮ ತನ್ನ ನೆರಳನ್ನೂ ಎರಡು ಸಲ ತಿರುಗಿ ನೋಡುವ ಹೆಂಗಸು. ಅಂಗಡಿಯ ತಕ್ಕಡಿ, ಬಸ್ಸಿನ ಟಿಕೆಟ್ಟು, ಪೂಜಾರಿಯ ತೀರ್ಥ, ಯಾವುದನ್ನೂ ಪರೀಕ್ಷಿಸದೆ ಬಿಟ್ಟವಳಲ್ಲ. "ಬೆಳ್ಳಗಿರೋದೆಲ್ಲ ಆಲಲ್ಲ ಕಣವ್ವಾ" ಎಂಬುದು ಅವಳ ಬಾಯಲ್ಲಿ ದಿನಕ್ಕೆ ನಾಲ್ಕು ಸಲ. ಅವಳು ನಂಬಿದ್ದು ಎರಡೇ ಜೀವಗಳನ್ನು: ಸೊಂಟದೆತ್ತರದ ಗಿಡ್ಡ ಕುದುರೆಗಳು, ರಾಜ ಮತ್ತು ಚಿನ್ನಿ. ಮೊಸಳೆ ಎಂಬ ಊರಿನ ಗುಡಿಗಳ ಮುಂದೆ ಮಕ್ಕಳನ್ನು ಅವುಗಳ ಮೇಲೆ ಕೂರಿಸಿ ಸುತ್ತಿಸುವುದೇ ಅವಳ ಬದುಕು.

ಹೋದ ವರ್ಷ ರಾಜನ ಗೊರಸಿಗೆ ಮೊಳೆ ಚುಚ್ಚಿ ಧನುರ್ವಾಯು ಬಂತು. ದವಡೆ ಕಚ್ಚಿಕೊಂಡು, ಮೈ ಸೆಟೆದು ಮೂರನೇ ದಿನ ಸತ್ತ. ಲಸಿಕೆ ಹಾಕಿಸಿಯೂ ಸತ್ತನಲ್ಲ! ಸೀಸೆಯಲ್ಲಿದ್ದದ್ದು ಬರೀ ನೀರೆಂದು ತೀರ್ಮಾನಿಸಿ ಸುವರ್ಣಮ್ಮ ಔಷಧಿ ಅಂಗಡಿಯವನಿಗೆ ಹಿಡಿಶಾಪ ಹಾಕಿದಳು. ಇನ್ನು ಚಿನ್ನಿಯೂ ಹೋದರೆ ತಾನು ಯಾರಿಗಾಗಿ ಬೆಳಗ್ಗೆ ಏಳಬೇಕು ಎಂಬ ಭಯ ಅವಳನ್ನು ಹಿಡಿದಿತ್ತು.

ಹಾಗಾಗಿ ಚಿನ್ನಿಗೆ ಲಸಿಕೆ ಹಾಕಲು ಪಶುವೈದ್ಯೆ ಯಶಸ್ವಿನಿ ಮನೆಗೆ ಬಂದ ದಿನ ವಿಚಾರಣೆಯೇ ನಡೆಯಿತು. ಸುವರ್ಣಮ್ಮ ಲಸಿಕೆಯ ಡಬ್ಬಿಯೊಳಗೆ ಬೆರಳಿಟ್ಟು ಐಸು ಕರಗಿದೆಯೇ ಎಂದು ನೋಡಿದಳು. ಸೀಲನ್ನು ಉಗುರಿನಿಂದ ಕೆರೆದಳು. ತಾರೀಖನ್ನು ಪಕ್ಕದ ಮನೆಯ ಚಂದ್ರಮೌಳಿಯಿಂದ ಓದಿಸಿ, ಅವನ ಮೇಲೂ ಗುಮಾನಿ ಬಂದು ಡಾಕ್ಟರಿಂದ ಮತ್ತೊಮ್ಮೆ ಓದಿಸಿದಳು.

"ಎಲ್ರೂ ಹೀಗೇ ಕೇಳ್ಬೇಕಮ್ಮ" ಎಂದು ಯಶಸ್ವಿನಿ ಹೊಸ ಸೂಜಿ ಬಿಚ್ಚಿ, ಸೀಸೆಯಲ್ಲಿದ್ದಷ್ಟನ್ನೂ ಎಳೆದಳು.

"ನಿಲ್ಲವ್ವಾ! ಅಷ್ಟೂನೂವೆ? ನಮ್ಮ ಚಿನ್ನಿ ಮೇಕೆಯಷ್ಟವ್ಳೆ. ಅರ್ಧ ಸಾಕು."

"ಜಂತುಹುಳದ ಔಷಧೀನ ತೂಕ ನೋಡಿ ಕೊಡ್ತೀವಮ್ಮ. ಈ ಲಸಿಕೆ ಹಾಗಲ್ಲ. ದೊಡ್ಡ ಕುದುರೆಗೂ ಇಷ್ಟೇ, ಇದಕ್ಕೂ ಇಷ್ಟೇ. ಅರ್ಧ ಹಾಕಿದ್ರೆ ರೋಗ ತಡೆಯೋ ಶಕ್ತಿ ಬರುತ್ತೆ ಅಂತ ನಂಬೋ ಹಾಗಿಲ್ಲ."

ಚಿನ್ನಿಯ ಕತ್ತು ಸವರುತ್ತಿದ್ದ ಸುವರ್ಣಮ್ಮನ ಕೈ ನಿಂತಿತು.

"ಓದ್ಸಲ ಒಂದೇ ಸೀಸೆ ತಂದಿದ್ದೆ. ಸಣ್ಣ ಜೀವ, ತಡ್ಕಳಕಿಲ್ಲ ಅಂತ ಎರಡಕ್ಕೂ ಅರ್ಧರ್ಧ ಆಕಿಸ್ದೆ. ಸೂಜಿ ಆಕಕ್ಕೆ ಬಂದಿದ್ದ ಕಾಂಪೌಂಡರು ಬ್ಯಾಡ ಅಂದ. ಅಂಗಡಿಯೋನ ಜೊತೆ ಸೇರ್ಕಂಡು ಇನ್ನೊಂದು ಸೀಸೆ ಮಾರ್ಸಕ್ಕೆ ಅಂಗಂತಾನೆ ಅಂದ್ಕಂಡೆ ಕಣವ್ವಾ."

ಯಶಸ್ವಿನಿ ಚಿನ್ನಿಗೆ ಸೂಜಿ ಹಾಕಿದಳು. ಇನ್ನೊಂದು ಸೂಜಿಗೆ ನಾಲ್ಕು ವಾರ ಬಿಟ್ಟು ಬರುತ್ತೇನೆಂದಳು. ಊತ, ಉಬ್ಬಸ ಏನಾದರೂ ಕಂಡೀತೆಂದು ಅರ್ಧ ಗಂಟೆ ಜಗಲಿಯಲ್ಲೇ ಕೂತಳು. ಚಿನ್ನಿ ನೆಮ್ಮದಿಯಾಗಿ ಹುಲ್ಲು ಮೇಯುತ್ತಿದ್ದಳು.

"ರಾಜನ್ನ ನಾನೇ ಕೊಂದ್ನಾ, ತಾಯಿ?"

"ಇಲ್ಲಮ್ಮ. ಪೂರ್ತಿ ಹಾಕಿದ್ರೂ ಅವನು ಉಳೀತಿರಲಿಲ್ಲ."

ಸುವರ್ಣಮ್ಮ ಅವಳ ಕಣ್ಣನ್ನೇ ದಿಟ್ಟಿಸಿದಳು. ಅರವತ್ತು ವರ್ಷ ಊರಿನವರ ಸುಳ್ಳು ಹಿಡಿದುಕೊಂಡೇ ಬಂದವಳಿಗೆ ಇದು ತಿಳಿಯದೇ?

"ಅಂಗಾದ್ರೆ ಸರಿ ಬುಡವ್ವಾ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು, ಅವಳಿಗೆ ಕಾಫಿ ಕಾಯಿಸಲು ಒಳಗೆ ಹೋದಳು.