ಟಗರು ಮೈ ಕೊಡವಲಿಲ್ಲ

ಎಲುಬಿನ ಸಾರಿನ ವಾಸನೆ ಬಂದರೆ ಇವತ್ತಿಗೂ ಬಾಯಲ್ಲಿ ನೀರೂರಿ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಒಂಬತ್ತನೇ ತರಗತಿಗೆ ಬಂದ ವರ್ಷ, ತಟ್ಟೆ ಸರಿಸಿ ಕೂತಳು. "ಮಾಂಸಕ್ಕಂತ ಸಾಕಿ ಸಾಕಿ ಭೂಮಿ ಬಿಸಿ ಆಗಾಕತ್ತೈತಿ. ನಾ ಒಲ್ಲೆ" ಅಂದಳು. ನನಗೆ ಮೈಯೆಲ್ಲ ಉರಿಯಿತು. ದೋಣಿಮಲೈ ಗಣಿಯ ಕ್ವಾರ್ಟರ್ಸಿನ ನಮ್ಮ ಕಿಟಕಿಯಿಂದ ಅದಿರಿನ ಲಾರಿ ತೋರಿಸಿ, "ಮೊದಲು ಅವಕ್ಕ ಹೇಳು, ಆಮ್ಯಾಲ ನನ್ನ ಸಾರಿನ ಸುದ್ದಿಗೆ ಬಾ" ಎಂದೆ. "ಅವಕ್ಕೂ ಹೇಳ್ತೀನಿ" ಎಂದಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು, ಯಾರನ್ನು ಬೈಯಲಿ?

ಆಕೆ ಕೂಸಿದ್ದಾಗ ಜ್ವರ ಬಿಡದೆ ಕಾಡಿತ್ತು. ಆಗ ಚೋರನೂರಿನ ನನ್ನ ಅವ್ವ ಊರಮ್ಮನಿಗೆ ಟಗರು ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ಒಂದಲ್ಲ ಒಂದು ಅಡ್ಡಿ ಬಂದು ಹರಕೆ ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಅವ್ವ ತಾನೇ ಒಂದು ಮರಿ ಸಾಕಿದಳು. ರಜೆಗೆ ಹೋದಾಗಲೆಲ್ಲ ಮಗಳು ಅದಕ್ಕೆ ಸೊಪ್ಪು ತಿನ್ನಿಸಿದಳು, ಮೈ ತೊಳೆದಳು. ಕೊಡುವ ದಿನ ಗೊತ್ತಾದಾಗ ಅಜ್ಜಿಯ ಸೆರಗು ಹಿಡಿದು ಅತ್ತಳು.

"ನಿನ್ನ ಜೀವಕ್ಕಂತ ಬೇಡಿಕೊಂಡಿದ್ದು, ನನ್ನವ್ವ. ಕೊಡಲಿಲ್ಲಂದ್ರ ನಿನಗ ಏನರ ಆದೀತು" ಎಂದು ಅವ್ವನೂ ಅತ್ತಳು. ಒಬ್ಬಳಿಗೆ ಟಗರು ಉಳಿಯಬೇಕು, ಇನ್ನೊಬ್ಬಳಿಗೆ ಮೊಮ್ಮಗಳು ಉಳಿಯಬೇಕು. ನಾನು ನಡುವೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ.

ನಮ್ಮಲ್ಲಿ ಹರಕೆಯ ಟಗರನ್ನು ಕೇಳದೆ ಕಡಿಯುವುದಿಲ್ಲ. ಗುಡಿಯ ಮುಂದೆ ನಿಲ್ಲಿಸಿ ಬೆನ್ನಿಗೆ ನೀರು ಹಾಕುತ್ತಾರೆ. ಅದು ಮೈ ಕೊಡವಿದರೆ ಒಪ್ಪಿದಂತೆ. ಒಪ್ಪದಿದ್ದದ್ದನ್ನು ನಾನಂತೂ ಕಂಡಿರಲಿಲ್ಲ. ತಣ್ಣೀರು ಬಿದ್ದರೆ ಯಾವ ಕುರಿ ಸುಮ್ಮನಿರುತ್ತದೆ?

ಆದರೆ ಅಂಥ ಬಿಸಿಲನ್ನೂ ನಾವು ಕಂಡಿರಲಿಲ್ಲ. ಬೆಳಿಗ್ಗೆಯೇ ಗುಡಿಯ ಕಲ್ಲಿನ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. ಅವ್ವ ಒಂದು ತಂಬಿಗೆ ನೀರು ಹಾಕಿದಳು. ಟಗರು ಕಣ್ಣು ಮುಚ್ಚಿತು. ಇನ್ನೊಂದು ಹಾಕಿದಳು, ಕತ್ತು ಚಾಚಿ ತಂಬಿಗೆಯ ಹತ್ತಿರವೇ ಬಂದು ನಿಂತಿತು. ಕೊಡ ಖಾಲಿಯಾದರೂ ಅದು ಮೈ ಕೊಡವಲಿಲ್ಲ.

ನನ್ನ ಅಣ್ಣನಿಗೆ ಹಸಿವಾದರೆ ತಾಳ್ಮೆ ಇರುವುದಿಲ್ಲ. "ಸರೀರಿ, ಕಿವ್ಯಾಗ ಊದಿದ್ರ ಕೊಡವತೈತಿ" ಎಂದು ಬಗ್ಗಿದ. ಎಲ್ಲರೂ ಮಾಡುವ ಉಪಾಯವೇ ಅದು.

ಅವ್ವ ಅವನ ಭುಜ ಹಿಡಿದಳು. "ಊದಬ್ಯಾಡಲೇ. ಕೇಳಿದ ಮ್ಯಾಲ ಅದು ಹೇಳಿದ್ದನ್ನ ಕೇಳಬೇಕು."

"ಅದೇನ್ ಹೇಳ್ತಬೇ? ಸೆಕಿಗೆ ಹಂಗ ನಿಂತೈತಿ."

"ಹೌದು. ತಂಪು ಬೇಕು ಅಂತೈತಿ. ಸಾಯ್ತೀನಿ ಅಂತ ಎಲ್ಲಿ ಹೇಳ್ತು?"

ಆಮೇಲೆ ಗುಡಿಯ ಕಡೆ ತಿರುಗಿ ಕೈ ಮುಗಿದಳು. "ತಾಯಿ, ಕೂಸಿನ ಜೀವ ಕೇಳಿದ್ದೆ, ಕೊಟ್ಟಿ. ಇದರ ಜೀವ ಇದು ಕೊಡಾಕ ಒಲ್ಲದು. ತಪ್ಪಾಗಿದ್ರ ನನ್ನ ಮ್ಯಾಲ ಹಾಕು, ಕೂಸಿನ ಮ್ಯಾಲ ಬ್ಯಾಡ." ಕಾಯಿ ಒಡೆದು ಅದರ ನೀರನ್ನು ಮೊದಲು ಮೊಮ್ಮಗಳ ತಲೆಗೆ ಚಿಮುಕಿಸಿದಳು. ಅಷ್ಟು ಹೆದರಿಕೆ ಇಟ್ಟುಕೊಂಡೂ ಟಗರಿನ ಮಾತು ನಡೆಸಿದಳಲ್ಲ, ಆ ಹೊತ್ತು ಅವ್ವನ ಮೇಲೆ ಬಂದಷ್ಟು ಪ್ರೀತಿ ನನಗೆ ಇನ್ಯಾವತ್ತೂ ಬಂದಿಲ್ಲ. ಅರೆದಿಟ್ಟ ಮಸಾಲೆಗೆ ಬದನೆಕಾಯಿ ಬಿತ್ತು. ಅಣ್ಣ ಮುಖ ಗಂಟಿಕ್ಕಿಕೊಂಡೇ ಮತ್ತೆ ಮತ್ತೆ ಬಡಿಸಿಕೊಂಡ.

ಇಷ್ಟಕ್ಕೆ ನಾನು ಮಾಂಸ ಬಿಡುವವಳೇ? ಮುಂದಿನ ಭಾನುವಾರವೇ ಸಂಡೂರಿನ ಕೋಳಿ ಅಂಗಡಿಯ ಮುಂದೆ ಚೀಲ ಹಿಡಿದು ನಿಂತಿದ್ದೆ. ಜಾಲರಿಯೊಳಗೆ ಒತ್ತೊತ್ತಾಗಿ ಕೂತ ಕೋಳಿಗಳು ಸೆಕೆಗೆ ಬಾಯಿ ತೆರೆದು ಏದುತ್ತಿದ್ದವು. ಅಂಗಡಿಯವನು ಪೈಪಿನಿಂದ ನೀರು ಬಿಟ್ಟ. ಎಲ್ಲವೂ ಒಮ್ಮೆಗೇ ಮೈ ಕೊಡವಿದವು.

"ನೀರ್ಯಾಕ ಬಿಟ್ರಿ?" ಎಂದು ಕೇಳಿದೆ.

"ಬಿಸಿಲು ಭಾಳ ಐತ್ರಿ ಅಕ್ಕಾರ. ಕೊಯ್ಯೋತನಕ ಜೀವ ಇರಬೇಕಲ್ರಿ" ಎಂದ. ಒಳ್ಳೆಯ ಮನುಷ್ಯ, ನಗುತ್ತಲೇ ಹೇಳಿದ. "ಎಷ್ಟು ಕೊಡ್ಲ್ರಿ?"

ಮೈ ಕೊಡವಿದ್ದೇನೋ ಕೊಡವಿದವು, ಆದರೆ ಇವನ್ನು ಕೇಳಿದವರು ಯಾರು? ಚೀಲ ಮಡಚಿಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದು ಬದನೆಕಾಯಿ ಹೆಚ್ಚಲು ಕೂತೆ. ಮಗಳು ಖಾಲಿ ಚೀಲ ನೋಡಿದಳು, ನನ್ನ ಮುಖ ನೋಡಿದಳು. ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು.