ಗಾಯ ಕಟ್ಟಲು ಹೋದವಳು

ಸುಮಾ ನಮ್ಮ ಸರ್ಜಿಕಲ್ ವಾರ್ಡಿಗೆ ಸೇರಿದಾಗ ಅವಳಿಗೆ ಇಪ್ಪತ್ತಮೂರು ವರ್ಷ. ನಾನು ಆಗಲೇ ಹದಿನೈದು ವರ್ಷ ನರ್ಸ್ ಕೆಲಸ ಮಾಡಿದ್ದೆ. ಒಣಗಿ ಅಂಟಿಕೊಂಡ ಬ್ಯಾಂಡೇಜನ್ನು ನಾವೆಲ್ಲ ಒಂದೇ ಸಲಕ್ಕೆ ಎಳೆದುಬಿಡುತ್ತಿದ್ದರೆ ಅವಳು ನೆನೆಸಿ, ಕಾದು, ರೋಗಿಯನ್ನು ಮಾತಾಡಿಸುತ್ತ ಬಿಡಿಸುತ್ತಿದ್ದಳು. "ಇಷ್ಟು ನಿಧಾನ ಆದ್ರೆ ಉಳಿದೋರ್ನ ಯಾರಮ್ಮ ನೋಡೋದು" ಎಂದು ಎಷ್ಟೋ ಸಲ ಗದರಿದ್ದೇನೆ. ಅವಳು "ಆಯ್ತು ಚೂಡಾಮಣಿ ಅಕ್ಕ" ಅನ್ನುತ್ತಿದ್ದಳು. ಕೈ ಮಾತ್ರ ಅದೇ ನಿಧಾನದಲ್ಲಿ ಆಡುತ್ತಿತ್ತು.

ಅವಳ ಮನೆ ಮೈಸೂರಿನ ಅಶೋಕಪುರಂನಲ್ಲಿ. ಅಪ್ಪ ಸಿದ್ದಪ್ಪಾಜಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವ್ವ ಮಂಚಮ್ಮ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ತಮ್ಮ ವಸಂತ್ ದೇವರಾಜ ಮೊಹಲ್ಲಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ.

ಅವಳು ವಾರ್ಡಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಸುಡಾನಿನಲ್ಲಿ ಯುದ್ಧ ಶುರುವಾಗಿ ವರ್ಷ ತುಂಬುತ್ತ ಬಂದಿತ್ತು. ಗಡಿ ದಾಟಿ ಪಕ್ಕದ ಚಾಡ್ ದೇಶಕ್ಕೆ ಬರುವ ಗಾಯಾಳುಗಳಿಗೆ ಒಂದು ಸೇವಾ ಸಂಸ್ಥೆ ಡೇರೆಗಳಲ್ಲಿ ಆಸ್ಪತ್ರೆ ನಡೆಸುತ್ತಿತ್ತು. ಆರು ತಿಂಗಳು ಬಂದು ದುಡಿಯುವ ನರ್ಸ್‌ಗಳು ಬೇಕು ಎಂದು ಕೇಳಿದ್ದರು. ಸುಮಾ ಯಾರನ್ನೂ ಕೇಳದೆ ಅರ್ಜಿ ಹಾಕಿ, ಆಯ್ಕೆಯಾದ ಮೇಲೆ ಮನೆಯಲ್ಲಿ ಹೇಳಿದಳು. ಅಪ್ಪ ಎರಡು ದಿನ ಮಾತು ಬಿಟ್ಟರು. ಮಂಚಮ್ಮ ಮಾತ್ರ ಒಂದು ಪ್ರಶ್ನೆ ಕೇಳಿದರಂತೆ.

"ಅಲ್ಲಿ ಎರಡು ಕಡೆಯೋರ್ನೂ ನೋಡ್ತಾರಾ, ಒಂದೇ ಕಡೆಯೋರ್ನಾ?"

"ಯಾರು ಬಂದ್ರೂ ನೋಡ್ತಾರೆ ಕಣವ್ವ."

"ಅಂಗಾದ್ರೆ ಓಗ್ಬುಟ್ಟು ಬಾ."

ಮಾರ್ಚ್‌ನಲ್ಲಿ ಅವಳು ಹೊರಟಳು. ಹೊರಡುವ ಮುಂಚೆ ನನ್ನ ಕೈ ಹಿಡಿದು, "ಅವ್ವಂಗೆ ಶುಗರ್ ಅಕ್ಕ. ಮಾತ್ರೆ ಸರಿಯಾಗಿ ತಗೊಳಲ್ಲ. ಆಗಾಗ ಹೋಗಿ ನೋಡ್ಕೊಂಡು ಬನ್ನಿ" ಅಂದಳು. ನಾನು ಒಪ್ಪಿಕೊಂಡೆ.

ಅಲ್ಲಿನ ಕೆಲಸದ ಬಗ್ಗೆ ಅವಳು ನನಗೆ ಆಗಾಗ ಧ್ವನಿ ಸಂದೇಶ ಕಳಿಸುತ್ತಿದ್ದಳು. ಕತ್ತೆಗಾಡಿಗಳಲ್ಲಿ ಗಾಯಾಳುಗಳು ಬರುತ್ತಿದ್ದರು. ಗುಂಡು ಹೊಕ್ಕು ಮೂರು ದಿನ, ನಾಲ್ಕು ದಿನ ಕಳೆದಿರುತ್ತಿತ್ತು. ಹರಿದ ಸೀರೆಯಂಥ ಬಟ್ಟೆಯಲ್ಲಿ ಸುತ್ತಿಕೊಂಡು ಬಂದ ಗಾಯ ಬಿಚ್ಚಿದರೆ ಒಳಗೆ ಹುಳು. ಬೆಳಿಗ್ಗೆ ಏಳಕ್ಕೆ ಡ್ರೆಸಿಂಗ್ ಶುರು ಮಾಡಿದರೆ ದಿನಕ್ಕೆ ನಲವತ್ತು ಗಾಯ. "ಒಂದೊಂದಕ್ಕೆ ಅರ್ಧ ಗಂಟೆ ಬೇಕು ಅಕ್ಕ. ಹತ್ತು ನಿಮಿಷ ಸಿಗ್ತದೆ. ಈಗ ನಾನೂ ಎಳೀತೀನಿ" ಎಂದು ಒಮ್ಮೆ ಹೇಳಿದಳು.

ಅವಳ ಜೊತೆ ಇಖ್ಲಾಸ್ ಎಂಬ ಸುಡಾನಿನ ಹೆಂಗಸು ಕೆಲಸ ಮಾಡುತ್ತಿದ್ದಳು. ತನ್ನೂರಿನಲ್ಲಿ ಸೂಲಗಿತ್ತಿ ನರ್ಸ್ ಆಗಿದ್ದವಳು, ಈಗ ನಿರಾಶ್ರಿತರ ಶಿಬಿರದಲ್ಲಿ ಟಾರ್ಪಾಲಿನ ಕೆಳಗೆ ವಾಸ. ಗಾಯ ತೊಳೆಯುವಾಗ ಮಕ್ಕಳನ್ನು ಹಿಡಿದುಕೊಳ್ಳುವುದು ಅವಳು. ಅವಳಿಗೆ ಅರಬ್ಬಿ, ಸುಮಾಗೆ ಕನ್ನಡ, ನಡುವೆ ಇಬ್ಬರಿಗೂ ಅರೆಬರೆ ಇಂಗ್ಲಿಷ್.

ಸಂಜೆ ನೆಟ್‌ವರ್ಕ್ ಸಿಕ್ಕಾಗ ಸುಮಾ ಮನೆಗೆ ವಿಡಿಯೊ ಕರೆ ಮಾಡುತ್ತಿದ್ದಳು. ಮಂಚಮ್ಮ ಮಾತಾಡುತ್ತಿದ್ದರು, ನಗುತ್ತಿದ್ದರು, ಅಲ್ಲಿನ ಮಕ್ಕಳ ಬಗ್ಗೆ ಕೇಳುತ್ತಿದ್ದರು. ಫೋನನ್ನು ಮಾತ್ರ ಎದೆಯಿಂದ ಕೆಳಗೆ ಇಳಿಸುತ್ತಿರಲಿಲ್ಲ.

ನಾನು ಅವರ ಮನೆಗೆ ಹೋದದ್ದು ಎರಡೇ ಸಲ. ಮೇ ತಿಂಗಳಲ್ಲಿ ಹೋದಾಗ ಅವರು ಚಾಪೆಯ ಮೇಲೆ ಕಾಲನ್ನು ಸೀರೆಯೊಳಗೆ ಮಡಚಿಕೊಂಡು ಕೂತಿದ್ದರು. ಸಿದ್ದಪ್ಪಾಜಿಯವರೇ ಕಾಫಿ ಮಾಡಿ ತಂದುಕೊಟ್ಟರು. ಜುಲೈನಲ್ಲಿ ಹೋದಾಗ ಮಂಚದ ಮೇಲೆ ಹೊದ್ದುಕೊಂಡು ಮಲಗಿದ್ದರು. ಮನೆಯೆಲ್ಲ ಊದುಬತ್ತಿಯ ಹೊಗೆ.

"ಏನ್ ವಿಶೇಷ ಮಂಚಮ್ಮ, ಇಷ್ಟೊಂದು ಹಚ್ಚಿದ್ದೀರಿ?" ಅಂದೆ.

"ಬುದ್ಧನ ಪಟಕ್ಕೆ ಕಣ್ ಸಿಸ್ಟ್ರಮ್ಮ. ಮಗ್ಳು ಸುಖವಾಗಿ ಬರ್ಲಿ ಅಂತ."

"ಜ್ವರವಾ?"

"ಒಸಿ ಮೈ ಬೆಚ್ಚಗದೆ. ಮಳೆಗಾಲ ಅಲ್ವಾ. ನೀವು ಅವಳ್ಗೆ ಏನೂ ಏಳ್ಬೇಡಿ, ಅಲ್ಲಿ ಎಷ್ಟೊಂದು ಮಕ್ಳು ಅವಳ್ನೇ ಕಾಯ್ಕೊಂಡವೆ."

ಪ್ಯಾರಾಸಿಟಮಾಲ್ ಕೊಟ್ಟು ಬಂದೆ. ಇಪ್ಪತ್ತಾರು ವರ್ಷ ಕೊಳೆತ ಗಾಯಗಳ ನಡುವೆ ಓಡಾಡಿದ ಮೂಗು ನನ್ನದು. ಆ ಊದುಬತ್ತಿ ಯಾವ ವಾಸನೆಯನ್ನು ಮುಚ್ಚಲು ಎಂದು ನನಗೆ ಹೊಳೆಯಲಿಲ್ಲ. ಹೊದಿಕೆ ಎತ್ತಿ ಪಾದ ನೋಡಬೇಕು ಅನ್ನಿಸಲಿಲ್ಲ.

ಆಗಸ್ಟ್ ಎರಡನೇ ವಾರ ಅವರಿಗೆ ಎಚ್ಚರ ತಪ್ಪಿತು. ವಸಂತ್ ಆಟೊದಲ್ಲಿ ಹಾಕಿಕೊಂಡು ನಮ್ಮ ಆಸ್ಪತ್ರೆಗೇ ತಂದ. ಹೆಬ್ಬೆರಳಿನಿಂದ ಶುರುವಾದ ಹುಣ್ಣು ಮೀನಖಂಡದವರೆಗೆ ಕಪ್ಪಾಗಿತ್ತು. ಮಂಡಿಯ ಮೇಲಿನಿಂದ ಕಾಲು ತೆಗೆದರು. ನಂಜು ಆಗಲೇ ರಕ್ತಕ್ಕೆ ಇಳಿದಿತ್ತು. ಮೂರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟರು.

ಐಸಿಯು ಬಾಗಿಲಲ್ಲಿ ವಸಂತ್ ಅಕ್ಕನಿಗೆ ಕರೆ ಮಾಡಿದ. ಅವಳ ದನಿ ಕೇಳಿದ್ದೇ ಫೋನನ್ನು ನನ್ನ ಕೈಗಿಟ್ಟ. ನಾನೇ ಹೇಳಿದೆ.

"ಶುಗರ್ ಎಷ್ಟಿತ್ತಕ್ಕ?" ಅಂದಳು ಸುಮಾ.

"ಐನೂರು ದಾಟಿತ್ತು ಸುಮಾ."

"ಯಾವ ಕಾಲು?"

"ಎಡಗಾಲು."

ಫೋನ್ ಇಟ್ಟಳು.

ಅಲ್ಲಿ ಮಳೆ ಬಿದ್ದು ಹಳ್ಳಗಳೆಲ್ಲ ತುಂಬಿ ರಸ್ತೆ ಕಡಿದಿತ್ತು. ಒಂದು ವಾರ ಯಾವ ಗಾಡಿಯೂ ಆ ಊರು ಬಿಡುವಂತಿರಲಿಲ್ಲ. ಮಾರನೆಯ ದಿನ ಮಣ್ಣು ಮಾಡುವಾಗ ವಸಂತ್ ಫೋನ್ ಹಿಡಿದು ತೋರಿಸಿದ. ಗುಂಡಿಗೆ ಇಳಿಸುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಆ ಸಂಜೆ ನಡೆದದ್ದನ್ನು ಸುಮಾ ವಾಪಸು ಬಂದ ಮೇಲೆ ನನಗೆ ಹೇಳಿದಳು. ಇಖ್ಲಾಸ್ ಶಿಬಿರದಿಂದ ಹತ್ತು ಹನ್ನೆರಡು ಹೆಂಗಸರನ್ನು ಕರೆತಂದಳಂತೆ. ಸುಮಾ ಕೈಯಲ್ಲಿ ಡ್ರೆಸಿಂಗ್ ಮಾಡಿಸಿಕೊಂಡ ಮಕ್ಕಳ ತಾಯಂದಿರು. ಅವರ ಪದ್ಧತಿಯಂತೆ ಅವಳ ಡೇರೆಯಲ್ಲಿ ಚಾಪೆ ಹಾಸಿ ಸುತ್ತ ಕೂತರು. ಯಾರೋ ಚಹಾ ಕಾಯಿಸಿ ತಂದಿದ್ದರು. ಅವರು ಕೇಳಿದ್ದನ್ನು ಇಖ್ಲಾಸ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

"ನಿನ್ನ ತಾಯಿಗೆ ಸ್ನಾನ ಮಾಡಿಸಿದರೇ?"

"ಮಾಡಿಸಿದರು."

"ಹೊಸ ಬಟ್ಟೆ?"

"ಬಿಳಿ ಸೀರೆ ಉಡಿಸಿದರು."

"ಮಣ್ಣು ಕೊಟ್ಟವರು ಯಾರು?"

"ಅಪ್ಪ, ತಮ್ಮ, ಕೇರಿಯವರೆಲ್ಲ."

"ಗೋರಿ ಎಲ್ಲಿದೆ ಅಂತ ನಿನಗೆ ಗೊತ್ತಿದೆಯೇ?"

"ಗೊತ್ತಿದೆ."

ಆಗ ಆ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟು ದೇವರನ್ನು ನೆನೆದರಂತೆ. ಒಬ್ಬ ಮುದುಕಿ ಅವಳ ತಲೆ ಸವರಿದಳು. ಇಖ್ಲಾಸಳ ಗಂಡನ ಹೆಣ ಎರಡು ದಿನ ಬೀದಿಯಲ್ಲೇ ಬಿದ್ದಿತ್ತು. ಅವಳು ಕಿಟಕಿಯಿಂದ ನೋಡುತ್ತಿದ್ದು, ಮೂರನೆಯ ದಿನ ಅಲ್ಲೇ ಬಿಟ್ಟು ಓಡಿಬಂದವಳು. ಅಲ್ಲಿ ಕೂತ ಯಾರಿಗೂ ತಮ್ಮವರ ಗೋರಿ ಎಲ್ಲಿದೆ ಎಂದು ಗೊತ್ತಿರಲಿಲ್ಲ.

"ನನಗೋಸ್ಕರ ಅವ್ರಿಗೆ ಸಂತೋಷ ಆಯ್ತಕ್ಕ" ಅಂದಳು ಸುಮಾ. "ನಿಜವಾದ ಸಂತೋಷ. ಅದಕ್ಕೆ ನಾನು ಅಲ್ಲಿ ಅಳ್ಲಿಲ್ಲ. ಬೆಳಿಗ್ಗೆ ಎದ್ದು ಡ್ರೆಸಿಂಗ್‌ಗೆ ಹೋದೆ."

ರಸ್ತೆ ತೆರೆದ ಮೇಲೂ ಒಪ್ಪಿಕೊಂಡ ಆರು ತಿಂಗಳು ಮುಗಿಸಿಯೇ, ಸೆಪ್ಟೆಂಬರ್ ಕೊನೆಗೆ ಅವಳು ಮೈಸೂರಿಗೆ ಬಂದಳು. ವಸಂತ್ ಅಕ್ಕನ ಜೊತೆ ಮಾತಾಡಲಿಲ್ಲ. ಒಂದು ವಾರ ಕಳೆದು ತಟ್ಟೆ ಮುಂದೆ ಕೂತವನು, "ಊರೋರ ಗಾಯ ಎಲ್ಲ ನೀನು ಕಟ್ಟಿ ಬಂದೆ" ಅಂದು ಎದ್ದುಹೋದ. ಸಿದ್ದಪ್ಪಾಜಿ ಮಗನನ್ನು ಬೈಯಲು ಹೋಗಿ, ಬೈಯಲಾರದೆ, ಮಗಳ ಮುಂದೆ ಎಲ್ಲವನ್ನೂ ಹೇಳಿಕೊಂಡರು. ಅವಳನ್ನು ಕಳಿಸಿಕೊಡಲು ರೈಲ್ವೆ ಸ್ಟೇಷನ್ನಿಗೆ ಹೋಗಬೇಕೆಂದು ಮಂಚಮ್ಮ ಹೊಸ ಚಪ್ಪಲಿ ಕೊಂಡಿದ್ದರು. ಅದು ಕಚ್ಚಿ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತು. ಶುಗರ್ ಇದ್ದ ಕಾಲಿಗೆ ನೋವು ಅಷ್ಟಾಗಿ ತಿಳಿಯಲಿಲ್ಲ. ಅದು ಹುಣ್ಣಾಗಿ ಬೆಳೆಯುತ್ತಿದ್ದಾಗ ಆಸ್ಪತ್ರೆಗೆ ಹೋಗೋಣ ಎಂದು ಸಿದ್ದಪ್ಪಾಜಿ ಕರೆದರೆ, ಅಲ್ಲಿ ಚೂಡಾಮಣಿ ಸಿಸ್ಟರ್ ಇದ್ದಾರೆ, ಮಗಳಿಗೆ ಹೇಳಿಬಿಡುತ್ತಾರೆ, ಅವಳು ಅರ್ಧಕ್ಕೇ ಬಿಟ್ಟು ಬರುತ್ತಾಳೆ ಎಂದು ಆಕೆ ಹಟ ಹಿಡಿದರಂತೆ. "ಆಣೆ ಮಾಡಿಸ್ಕಬುಟ್ಳು ಕಣವ್ವ ನನ್ ಕೈಲಿ" ಎಂದು ಆ ಮನುಷ್ಯ ಮಗಳ ಕೈ ಹಿಡಿದು ಅತ್ತರು.

ಇದನ್ನು ಸುಮಾ ಬಾಯಿಂದ ಕೇಳಿದ ಮೇಲೆ ನನಗೂ ತಡೆಯಲಾಗಲಿಲ್ಲ. ಡ್ಯೂಟಿ ರೂಮಿನಲ್ಲಿ ಅವಳೊಬ್ಬಳೇ ಇದ್ದಾಗ, ಊದುಬತ್ತಿ, ಹೊದಿಕೆ, ಪ್ಯಾರಾಸಿಟಮಾಲ್, ಒಂದನ್ನೂ ಬಿಡದೆ ಹೇಳಿದೆ. ಬೈಯಲಿ ಎಂದುಕೊಂಡಿದ್ದೆ.

"ಅವ್ವ ಸ್ಟೇಷನ್ನಲ್ಲಿ ಕುಂಟ್ತಾ ಇತ್ತಕ್ಕ" ಅಂದಳು. "ನಾನು ನೋಡಿದ್ದೆ. ಟ್ರೈನ್ ಹೊರಡೋ ಹೊತ್ತು. ಕೇಳ್ಲಿಲ್ಲ."

ನಾವಿಬ್ಬರೂ ಆಮೇಲೆ ಆ ಮಾತು ಎತ್ತಿಲ್ಲ. ಅವಳು ಮತ್ತೆ ವಾರ್ಡಿನಲ್ಲೇ ಕೆಲಸ ಮಾಡುತ್ತಿದ್ದಾಳೆ. ಕೈ ಈಗ ಚುರುಕಾಗಿದೆ, ಎಲ್ಲರಿಗಿಂತ ಬೇಗ ಮುಗಿಸುತ್ತಾಳೆ. ರೋಗಿಗಳ ಜೊತೆ ಹೆಚ್ಚು ಮಾತಿಲ್ಲ. ವಸಂತ್ ದೀಪಾವಳಿಯ ಹೊತ್ತಿಗೆ ಅಕ್ಕನನ್ನು ಮಾತಾಡಿಸಲು ಶುರು ಮಾಡಿದ. ಅಷ್ಟರಲ್ಲಿ ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಹೊರಗೆ ಹೋದವರಿಗೆ ಮನೆ ದಾರಿ ತಪ್ಪುತ್ತಿತ್ತು.

ಫೆಬ್ರವರಿಯಲ್ಲಿ ಆ ಸಂಸ್ಥೆಯವರು ಮತ್ತೆ ಕರೆ ಮಾಡಿದರು. ಗಾಯಾಳುಗಳು ಹೆಚ್ಚಾಗಿದ್ದಾರೆ, ಅನುಭವ ಇರುವವರು ಬೇಕು, ಬರಬಹುದೇ ಎಂದು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ಅಪ್ಪನನ್ನು ಬಿಟ್ಟು ಬರಲಾರೆ ಎಂದು ಸುಮಾ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಆ ಕಡೆಯವರು ಅರ್ಥವಾಯಿತು ಅಂದರು. ಫೋನ್ ಇಟ್ಟವಳು ಔಷಧಿ ಬೀರುವಿಗೆ ಒರಗಿ ನಿಂತಳು.

"ಇಖ್ಲಾಸ್ ಒಬ್ಳೇ ಅವಳೆ ಅಕ್ಕ ಅಲ್ಲಿ" ಅಂದಳು. "ಒಬ್ಳೇ ಮಕ್ಳನ್ನ ಹಿಡ್ಕೊಂಡು ಒಬ್ಳೇ ಎಂಗೆ ಕಟ್ತಾಳೆ?"

ಅವ್ವ ಸತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ. ಸಂಜೆಯ ಡ್ರೆಸಿಂಗ್‌ಗಳನ್ನು ನಾನು ಮಾಡುತ್ತೇನೆ ಎಂದು ಹೇಳಿ, ಬಾಗಿಲು ಮುಂದೆ ಮಾಡಿ ಟ್ರಾಲಿ ತಳ್ಳಿಕೊಂಡು ಹೋದೆ.