ಗೋಡೆ ಮರೆತ ಮೇಸ್ತ್ರಿ

ಸುಣ್ಣದ ಮೇಸ್ತ್ರಿ ಗೆರೆಯ ಮೇಲೆ ಒಂದು ಇಟ್ಟಿಗೆಯನ್ನು ಅಡ್ಡಕ್ಕೆ ಇಟ್ಟ. ಗೆರೆ ಮುಚ್ಚಿಹೋಯಿತು. ಇಟ್ಟಿಗೆಯ ಅರ್ಧ ಈಚೆ ಮನೆಯೊಳಗೆ, ಇನ್ನರ್ಧ ಆಚೆ ಮನೆಯೊಳಗೆ ಚಾಚಿಕೊಂಡಿತ್ತು. ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದವನಿಗೆ ಆಗ ಹೊಳೆಯಿತು: ಗೋಡೆಗೆ ಜಾಗವನ್ನೇ ಬಿಟ್ಟಿಲ್ಲ.

ಮನೆ ಅಂದರೆ ಕಟ್ಟಿದ ಮನೆಯಲ್ಲ. ಬಯಲಿನಲ್ಲಿ ಸುಣ್ಣದ ಪುಡಿ ಉದುರಿಸಿ ಎಳೆದ ಒಂಬತ್ತು ಮನೆಗಳ ಗೆರೆ, ಅಷ್ಟೆ. ರಸ್ತೆಯ ಅಂಚಿನಿಂದ ಚರಂಡಿಯ ಕಲ್ಲಿನವರೆಗೆ ನೂರೈದು ಅಡಿ ಜಾಗ. ಅಲ್ಲಿದ್ದ ಹಳೆಯ ತಗಡಿನ ಸಾಲು ವಾಲಿದ್ದರಿಂದ ಕೆಡವಿಯಾಗಿತ್ತು. ಒಂಬತ್ತು ಸಂಸಾರಗಳು ಹಿಂದೆಯೇ ಟಾರ್ಪಾಲಿನ ಕೆಳಗೆ ದಿನ ನೂಕುತ್ತಿದ್ದವು. ಹೊಸ ಮನೆ ಹೇಗಿರಬೇಕೆಂದು ಇರುವವರೇ ಹೇಳಬೇಕು ಎಂದು ನಕ್ಷೆ ಬರೆಯುವ ಹುಡುಗಿಯೊಬ್ಬಳು ಎಂಟು ತಿಂಗಳಿಂದ ಇವರ ನಡುವೆ ಓಡಾಡುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಮೇಡಂ. ಒಂಬತ್ತು ಮನೆಯವರೂ ಒಪ್ಪಿದ ನಕ್ಷೆ ಸೋಮವಾರ ಕಚೇರಿಗೆ ಹೋಗಬೇಕಿತ್ತು. ಹೋಗದಿದ್ದರೆ ಜಾಗ ಗುತ್ತಿಗೆದಾರನ ಪಾಲು, ಇವರಿಗೆ ಊರಾಚೆ ಬೆಂಕಿಪೊಟ್ಟಣದಂಥ ಕೋಣೆಗಳು. ಇಂದು ಭಾನುವಾರ. ಮೇಡಂ ಅಳತೆ ಬರೆದುಕೊಳ್ಳಲು ನಾಲ್ಕು ಗಂಟೆಗೆ ಬರುವವಳಿದ್ದಳು. ಈಗ ಹನ್ನೊಂದು.

ಸುಣ್ಣ ಎಂಬ ಹೆಸರು ಅವನಿಗೆ ಸುಣ್ಣ ಬಳಿದು ಬಂದದ್ದಲ್ಲ. ಸುಟ್ಟ ಸುಣ್ಣದ ಮೇಲೆ ಒಂದು ಹನಿ ನೀರು ಬಿದ್ದರೆ ಹೇಗೆ ಬುಸುಗುಟ್ಟಿ ಕುದಿಯುತ್ತದೋ ಹಾಗೆ ಇವನ ಸ್ವಭಾವ. ಮೂರನೇ ಕ್ಲಾಸಿಗೇ ಸ್ಲೇಟು ಎಸೆದು ಬಂದ ಮನುಷ್ಯ. ತಾಯಿ ಸತ್ತಾಗ ಇವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ಅಕ್ಕ ಊರವರ ಬಟ್ಟೆಗೆ ಇಸ್ತ್ರಿ ಹಾಕಿ ಇವನನ್ನು ಸಾಕಿದಳು. ಇದ್ದಿಲ ಕಿಡಿ ಹಾರಿ ಅವಳ ಮೊಣಕೈವರೆಗೂ ಚುಕ್ಕಿ ಚುಕ್ಕಿ ಕಲೆ. ತಮ್ಮನೊಬ್ಬ ದಡ ಸೇರಲಿ ಎಂದು ತಾನು ಮದುವೆಯನ್ನೇ ಮರೆತಳು. ತಮ್ಮ ಇಟ್ಟಿಗೆ ಹೊತ್ತ, ಗಾರೆ ಕಲಸಿದ, ಕರಣೆ ಹಿಡಿದ, ಮೇಸ್ತ್ರಿಯಾದ. ಮೂವತ್ತು ವರ್ಷದಲ್ಲಿ ಇವನೆಬ್ಬಿಸಿದ ಒಂದು ಗೋಡೆಯೂ ತೂಗುಗುಂಡು ಇಳಿಬಿಟ್ಟು ನೋಡಿದರೆ ಕೂದಲೆಳೆಯಷ್ಟೂ ವಾಲಿಲ್ಲ. ಅದನ್ನು ಅವನೇ ದಿನಕ್ಕೆರಡು ಸಲ ಹೇಳುತ್ತಿದ್ದ.

ಅಂಥವನಿಗೆ ಮೇಡಂ ಬುಧವಾರ ಹೇಳಿ ಹೋಗಿದ್ದಳು: "ಮೇಸ್ತ್ರಿಗಳೇ, ನೀವೇ ಗೆರೆ ಹಾಕಿ. ಎಲ್ಲರೂ ಮಂಚ, ಪಾತ್ರೆ ತಂದಿಟ್ಟುಕೊಂಡು ಮೂರು ದಿನ ಗೆರೆಯೊಳಗೆ ಸಂಸಾರ ಮಾಡಿ ನೋಡ್ಲಿ. ಎಲ್ಲಿ ಸಾಲದು, ಎಲ್ಲಿ ಜಾಸ್ತಿ ಅಂತ ಅವರಿಗೇ ತಿಳಿಯುತ್ತೆ. ಗೋಡೆಗೆ ಜಾಗ ಬಿಡೋದು ಮರೀಬೇಡಿ."

"ನನಗೇ ಗೋಡೆ ಪಾಠನಾ? ನೀವು ಹುಟ್ಟೋಕೆ ಮುಂಚೆ ನಾನು ಪಾಯ ತೋಡಿದೀನಿ, ಹೋಗಿ ಮೇಡಂ!"

ಮರೆತೇನೂ ಇರಲಿಲ್ಲ. ಮೊದಲ ದಿನ ಎರಡೆರಡು ಗೆರೆಯನ್ನೇ ಹಾಕಿದ್ದ, ನಡುವೆ ಗೋಡೆಗೆಂದು ಒಂದು ಗೇಣು. ಆದರೆ ಜನಕ್ಕೆ ಅದು ಕಣ್ಣಿಗೆ ಕಟ್ಟಲಿಲ್ಲ. ಆ ಸಂದಿಯಲ್ಲೇ ಒಬ್ಬರು ಕೊಡ ಇಟ್ಟರು, ಇನ್ನೊಬ್ಬರು ಚಪ್ಪಲಿ ಬಿಟ್ಟರು. ಇದು ನನ್ನದು, ಅದು ನಿನ್ನದು ಎಂದು ಜಗಳ ಹತ್ತಿತು. "ಥತ್, ನಿಮ್ಮ ಜನ್ಮಕ್ಕೆ!" ಎಂದು ಮೇಸ್ತ್ರಿ ಪೊರಕೆ ತಂದು ಒಂದೊಂದು ಗೆರೆಯನ್ನು ಗುಡಿಸಿಹಾಕಿದ. ಗೋಡೆಯನ್ನು ಆಮೇಲೆ ಲೆಕ್ಕಕ್ಕೆ ಹಿಡಿದರಾಯಿತು ಎಂದುಕೊಂಡ. ಆಮೇಲೆ ಮೂರು ದಿನ ಬರೀ ಎಳೆದಾಟ. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವವಳ ಅತ್ತೆಗೆ ಮಂಚ ಉದ್ದಕ್ಕೆ ಬೇಕು, ಮೊದಲ ಮನೆಯ ದರ್ಜಿಗೆ ಮೆಷಿನ್ನಿನ ಎದುರು ಗಿರಾಕಿ ನಿಲ್ಲಬೇಕು. ಕೂಗಾಡಿ, ಕೈ ಕೈ ಮಿಲಾಯಿಸುವ ಹಂತಕ್ಕೆ ಹೋಗಿ, ಕೊನೆಗೆ ಶನಿವಾರ ಸಂಜೆ ಎಲ್ಲರೂ ಒಪ್ಪಿದರು. ಆ ಗಲಾಟೆಯಲ್ಲಿ ಪೊರಕೆಯ ಜೊತೆ ಗೋಡೆಯೂ ಮೂಲೆ ಸೇರಿತು.

ಮೇಸ್ತ್ರಿ ಎದ್ದು ಒಂದೊಂದು ಗೆರೆಯ ಮೇಲೆ ಒಂದೊಂದು ಇಟ್ಟಿಗೆ ಇಡುತ್ತಾ ಹೋದ. ಒಂಬತ್ತು ಮನೆಗೆ ಹತ್ತು ಗೋಡೆ. ಹತ್ತು ಇಟ್ಟಿಗೆ. ಆಮೇಲೆ ಆ ಹತ್ತನ್ನೂ ತಂದು, ಚರಂಡಿಯ ಕಲ್ಲಿನಿಂದ ಶುರುಮಾಡಿ, ಕೊನೆಯ ಮನೆಯೊಳಗೆ ಒಂದರ ಮುಂದೊಂದು ಜೋಡಿಸಿದ. ಹನ್ನೊಂದು ಅಡಿಯ ಮನೆಯಲ್ಲಿ ಇಟ್ಟಿಗೆಗಳೇ ಏಳೂವರೆ ಅಡಿ ನುಂಗಿದವು. ಇಸ್ತ್ರಿ ಮೇಜಿನ ಕೆಳಗೆ ತೂರಿ ಆಚೆ ಬಂದವು. ಉಳಿದದ್ದು ಮೂರೂವರೆ ಅಡಿ. ಹೆಣ ಮಲಗಿಸುವಷ್ಟು.

ಆ ಕೊನೆಯ ಮನೆ ಅಕ್ಕನದು. ಚರಂಡಿ ಪಕ್ಕದ್ದು ಯಾರಿಗೂ ಬೇಡವಾಗಿತ್ತು. "ಉಳಿದದ್ದು ನನಗಿರಲಿ ಬಿಡ್ರಪ್ಪ" ಎಂದು ಅವಳೇ ತೆಗೆದುಕೊಂಡಿದ್ದಳು.

ಹೇಳಿದರೆ ಎಂಟು ತಿಂಗಳ ಒಪ್ಪಂದ ಒಂದೇ ಗಳಿಗೆಯಲ್ಲಿ ಚೂರು. ಮತ್ತೆ ಕೂಗಾಟ, ನಾಳೆ ನಕ್ಷೆ ಇಲ್ಲ, ಗುತ್ತಿಗೆದಾರ ಬಂದು ಬೇಲಿ ಹಾಕುತ್ತಾನೆ. ಹೇಳದಿದ್ದರೆ ಅಕ್ಕ ಬೀದಿಗೆ. ಮೇಸ್ತ್ರಿ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣು ಹಾಯಿಸಿದ. ಬಯಲಿನಲ್ಲಿ ಮಂಚಗಳು, ಡಬ್ಬಗಳು, ಒಂದು ಮುರುಕು ಕನ್ನಡಿ. ಜನ ಟಾರ್ಪಾಲಿನ ನೆರಳಿನಲ್ಲಿದ್ದರು. ಆಯಾ ಆಸ್ಪತ್ರೆಯ ಪಾಳಿಗೆ ಹೋಗಿದ್ದಳು. ಅವಳ ಗೆರೆ ಅಕ್ಕನ ಗೆರೆಗೆ ಅಂಟಿಕೊಂಡಿತ್ತು.

ಒಂದು ಗೇಣು ತಾನೇ. ಒಂದೊಂದು ಮನೆಯಿಂದ ಒಂದು ಗೇಣು ಕದ್ದರೆ ಯಾರಿಗೆ ತಿಳಿದೀತು? ಅವನು ಪೊರಕೆ ತಂದ. ಆಯಾಳ ಗೆರೆಯನ್ನು ಗುಡಿಸಿ, ಅವಳ ಮನೆಯೊಳಕ್ಕೆ ಒಂದು ಗೇಣು ಸರಿಸಿ ಪುಡಿ ಉದುರಿಸತೊಡಗಿದ. ಗೆರೆ ಹಾವಿನ ಹಾಗೆ ಹರಿಯಿತು. ಜೀವಮಾನದಲ್ಲಿ ಅವನ ಕೈಯಿಂದ ಅಂಥ ಗೆರೆ ಬಿದ್ದಿರಲಿಲ್ಲ.

"ಏನೋ ಇದು, ನಾನು ನಿಂತ ಹಾಗೇ ನನ್ನ ಮನೆ ದಪ್ಪಗಾಗ್ತಿದೆ?"

ಅಕ್ಕ. ಸೊಂಟದ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡು ನಿಂತಿದ್ದಳು. ಮೇಸ್ತ್ರಿಯ ಕೈಯಿಂದ ಡಬ್ಬ ಜಾರಿ ಸುಣ್ಣ ಪಾದದ ಮೇಲೆಲ್ಲ ಚೆಲ್ಲಿತು.

"ಅಕ್ಕಾ... ಕೂಗಬೇಡ."

"ನಾನೆಲ್ಲಿ ಕೂಗಿದೆ? ಕೂಗೋ ಗುತ್ತಿಗೆ ನಿನ್ನದಲ್ವಾ. ಈ ಇಟ್ಟಿಗೆ ಯಾಕೆ ನನ್ನ ಮನೇಲಿ ಮಲಗಿವೆ?"

ಅವನು ಹೇಳಿದ. ಅಕ್ಕ ಗಂಟು ಕೆಳಗಿಟ್ಟಳು. ಇಟ್ಟಿಗೆಗಳನ್ನು ಬೆರಳು ಮಡಿಸಿ ಎಣಿಸಿದಳು. ಉಳಿದ ಮೂರೂವರೆ ಅಡಿಯಲ್ಲಿ ಹೋಗಿ ನಿಂತಳು. ಎರಡೂ ಕೈ ಚಾಚಲು ನೋಡಿದಳು, ಆಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ಮೇಸ್ತ್ರಿಗೆ ಇನ್ನಷ್ಟು ಹೆದರಿಕೆಯಾಯಿತು. ತಾಯಿ ಸತ್ತ ದಿನವೂ ಅಕ್ಕನ ಮುಖ ಹೀಗಿರಲಿಲ್ಲ.

"ನಾಲ್ಕು ಗಂಟೆಗೆ ಎಲ್ಲರ ಮುಂದೆ ಹೇಳು" ಅಂದಳು.

"ಕೊಂದುಹಾಕ್ತಾರೆ ಅಕ್ಕಾ. ಆ ದರ್ಜಿ ಒಬ್ಬ ಸಾಕು, ಕಾಯ್ತಾ ಇದಾನೆ ನನ್ನ ತಪ್ಪು ಸಿಗ್ಲಿ ಅಂತ. ನೀನೇ ಹೇಳಿಬಿಡು."

"ಮರೆತದ್ದು ನಾನಾ?"

"ಹಾಗಾದ್ರೆ ಸುಮ್ಮನಿರು. ಒಂದೊಂದು ಗೇಣು ಸರಿಸ್ತೀನಿ, ಯಾರಿಗೂ ಗೊತ್ತಾಗಲ್ಲ."

ಅಕ್ಕ ಅವನ ಕೈಯಿಂದ ಪೊರಕೆ ಕಿತ್ತುಕೊಂಡಳು. "ಮೂರೂವರೆ ಅಡಿ ಉಳಿದ್ರೂ ನಾನು ನಿಂತ್ಕೊಂಡೇ ನಿದ್ದೆ ಮಾಡ್ತೀನಿ ಕಣೋ. ಆದ್ರೆ ಊರವರ ಹೇಲುಚ್ಚೆ ಬಳಿಯೋಕೆ ಆಯಾ ಹೋದಾಗ ಅವಳ ಮನೆ ಗುಡಿಸೋ ತಮ್ಮನ ಪಕ್ಕ ಇರಲ್ಲ. ಆ ಗೆರೆ ಮೊದಲಿದ್ದಲ್ಲಿಗೆ ತಾ."

ತಂದ. ಆಮೇಲಿನ ನಾಲ್ಕು ತಾಸು ಅವನು ಏನೂ ತಿನ್ನಲಿಲ್ಲ. ನಲ್ಲಿಯ ಹತ್ತಿರ ಹೋಗಿ ನಾಲ್ಕು ಸಲ ಬಾಯಿ ಮುಕ್ಕಳಿಸಿ ಬಂದ.

ಮೇಡಂ ನಾಲ್ಕಕ್ಕೆ ಹತ್ತು ನಿಮಿಷ ಮುಂಚೆಯೇ ಬಂದಳು. ಒಂಬತ್ತು ಮನೆಯವರೂ ತಂತಮ್ಮ ಗೆರೆಯೊಳಗೆ ಮಂಚದ ಮೇಲೆ, ಡಬ್ಬದ ಮೇಲೆ, ಮಾಲೀಕರ ಗತ್ತಿನಲ್ಲಿ ಕೂತಿದ್ದರು. ದರ್ಜಿ ರಸ್ತೆ ಬದಿಯ ಮೊದಲ ಮನೆಯಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ಮೆಷಿನ್ನಿಗೆ ಒರಗಿದ್ದ. ಆಯಾ ಪಾಳಿ ಮುಗಿಸಿ ಬಂದು ಅತ್ತೆಯ ಕಾಲು ಒತ್ತುತ್ತಿದ್ದಳು.

"ಏನ್ ಮೇಸ್ತ್ರೀ, ಇವತ್ತು ಸುಣ್ಣ ಕುದೀತಾನೇ ಇಲ್ಲ? ಮಣ್ಣು ಸೇರಿದೆಯಾ?" ದರ್ಜಿ ಕೆಣಕಿದ. ಎಲ್ಲರೂ ನಕ್ಕರು.

ಬೇರೆ ದಿನವಾಗಿದ್ದರೆ ದರ್ಜಿಯ ಏಳು ತಲೆಮಾರು ಎದ್ದು ಕೂರುತ್ತಿತ್ತು. ಇಂದು ಮೇಸ್ತ್ರಿ ಹತ್ತು ಇಟ್ಟಿಗೆಯನ್ನು ಬಾಂಡಲಿಯಲ್ಲಿ ಹೊತ್ತು ದರ್ಜಿಯ ಮನೆಯಿಂದ ಶುರುಮಾಡಿ ಗೆರೆಗೊಂದು ಅಡ್ಡ ಇಡುತ್ತಾ ಬಂದ. ಅಕ್ಕನ ಮನೆಯ ಚರಂಡಿ ಕಲ್ಲಿನ ಹತ್ತಿರ ಕೊನೆಯದು. ಅದನ್ನಿಟ್ಟು ಅಲ್ಲೇ ಕೂತ.

"ಗೋಡೆ ಮರೆತೆ" ಅಂದ.

ಯಾರಿಗೂ ಕೇಳಲಿಲ್ಲ. "ಏನಂದೆ?" ಅಂತ ಆಯಾ ಕೇಳಿದಳು.

"ಗೋಡೆ ಹಿಡಿಯೋದು ಮರೆತೆ. ಒಂದೊಂದು ಇಟ್ಟಿಗೆಯಷ್ಟು ಹೋಗುತ್ತೆ. ಎಲ್ಲಾ ಸೇರಿಸಿದ್ರೆ ನಮ್ಮಕ್ಕನ ಮನೆ ಹೋಗುತ್ತೆ."

ಮೇಡಂ ಕೈಯಲ್ಲಿದ್ದ ಪೆನ್ನು ಮುಚ್ಚಿದಳು. ಅವಳ ತುಟಿ ಅಲುಗಿತು, ಲೆಕ್ಕ ಹಾಕುತ್ತಿದ್ದಳು. "ಏಳೂವರೆ ಅಡಿ..." ಅಂದಳು. ಅವಳ ದನಿಯಲ್ಲೂ ಹೆದರಿಕೆ ಇತ್ತು.

ಆಗ ಎದ್ದಿತು ನೋಡಿ ಗದ್ದಲ! ಹಾಗಾದ್ರೆ ಮೂರು ದಿನ ನಾವೇನು ಕುಂಟೆಬಿಲ್ಲೆ ಆಡಿದ್ವಾ? ಒಪ್ಪಿದ್ದು ಒಪ್ಪಿದ್ದೇ, ನನ್ನದನ್ನ ಮುಟ್ಟಕೂಡದು! ಮೂವತ್ತು ವರ್ಷದ ಮೇಸ್ತ್ರಿಯಂತೆ, ಇವನ ತಲೆಗಿಷ್ಟು ಗಾರೆ! ಆಯಾಳ ಅತ್ತೆ ಮಂಚದ ಎರಡೂ ಅಂಚು ಹಿಡಿದುಕೊಂಡಳು, ಯಾರೋ ಕಿತ್ತುಕೊಳ್ಳುವವರಂತೆ. ಮೇಸ್ತ್ರಿ ತಲೆ ಎತ್ತಲಿಲ್ಲ. ನೆಲದ ಮೇಲೆ ದರ್ಜಿಯ ಚಪ್ಪಲಿ ಹತ್ತಿರ ಬರುವುದು ಕಂಡಿತು. ಬಿತ್ತು ಏಟು ಎಂದು ಕತ್ತು ಒಳಕ್ಕೆಳೆದುಕೊಂಡ.

ದರ್ಜಿ ಇಟ್ಟಿಗೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

"ನಾವು ಬಟ್ಟೆ ಕತ್ತರಿಸುವಾಗ ಹೊಲಿಗೆಗೆ ಅಂತ ಅಂಚು ಬಿಡ್ತೀವಿ ಮೇಸ್ತ್ರೀ. ಬಿಡದಿದ್ರೆ ಅಂಗಿ ಮೈಗೆ ಏರಲ್ಲ. ನೀನು ಹೊಲಿಗೆನೇ ಮರೆತು ಅಂಗಿ ಕತ್ತರಿಸಿದೀಯ."

ಗದ್ದಲ ತುಸು ತಗ್ಗಿತು. ಎರಡು ಗೆರೆಯಲ್ಲಿ ಅರ್ಥವಾಗದ ಗೋಡೆ ಈಗ ಎಲ್ಲರಿಗೂ ಅರ್ಥವಾಗಿತ್ತು.

"ನಾನೂ ಹೊಸದರಲ್ಲಿ ಒಂದು ಮದುವೆ ಕೋಟು ಹಾಗೇ ಹಾಳು ಮಾಡಿದ್ದೆ" ಅಂದ ದರ್ಜಿ. "ಒಂದು ತೋಳನ್ನೇ ಬಿಟ್ಟು ಹೊಲಿಯೋಕಾಗುತ್ತಾ? ಸುತ್ತಲೂ ಚೂರು ಚೂರು ಹಿಡೀಬೇಕು. ಮೇಡಂ, ಮನೆಗೆ ಎಷ್ಟು ಬೀಳುತ್ತೆ?"

"ಹತ್ತು ಇಂಚು. ಒಂಬತ್ತು ಮನೆಯೂ ಕೊಟ್ಟರೆ."

"ನನ್ನದು ತಗೊಳ್ಳಿ. ಗಿರಾಕಿ ಒಂದು ಮಗ್ಗುಲಾಗಿ ನಿಲ್ತಾನೆ." ದರ್ಜಿ ಕೊರಳಿನ ಟೇಪು ಬಿಚ್ಚಿದ. "ಆದ್ರೆ ಅಳತೆ ಇವನು ಹಿಡಿಯೋ ಹಾಗಿಲ್ಲ. ನಾನು ಹಿಡೀತೀನಿ. ಇವನು ಬರೀ ತುದಿ ಹಿಡ್ಕೊಂಡಿರ್ಲಿ."

ಆ ಮಾತು ಕಪಾಳಕ್ಕೆ ಬಿದ್ದಂತಾಯಿತು. ಮೇಸ್ತ್ರಿ ಎದ್ದು ಟೇಪಿನ ತುದಿ ಹಿಡಿದ.

ಎಲ್ಲರೂ ದರ್ಜಿಯಷ್ಟು ಸಲೀಸಾಗಿ ಕೊಡಲಿಲ್ಲ. ಮೂರನೆಯ ಮನೆಯಲ್ಲಿ ಅರ್ಧ ಗಂಟೆ ವಾದ. ಐದನೆಯದು ಮೇಸ್ತ್ರಿಯದೇ, ಇಪ್ಪತ್ತು ಇಂಚು ಕೊಡುತ್ತೇನೆ ಎಂದ. "ದೊಡ್ಡಸ್ತಿಕೆ ಬೇಡ, ಹತ್ತಂದ್ರೆ ಹತ್ತು" ಎಂದು ಗದರಿದರು. ಆಯಾಳ ಅತ್ತೆ ಮಂಚ ಬಿಡಲೇ ಇಲ್ಲ. ಕೊನೆಗೆ ಮಂಚವನ್ನು ಮುದುಕಿಯ ಸಮೇತ ನಾಲ್ವರು ಎತ್ತಿ ಅಡ್ಡಕ್ಕೆ ತಿರುಗಿಸಿದರು. ತಿರುಗಿಸಿದ ಮೇಲೆ ನೋಡಿದರೆ ಬಾಗಿಲಿನ ಜಾಗ ಅವಳ ಕಣ್ಣೆದುರಿಗೇ ಬಂದಿತ್ತು. "ಇದೇ ವಾಸಿ ಕಣೇ, ಯಾರ್ ಬಂದ್ರು ಯಾರ್ ಹೋದ್ರು ಎಲ್ಲಾ ಕಾಣುತ್ತೆ" ಎಂದಳು ಸೊಸೆಗೆ.

ಪ್ರತಿ ಗೆರೆಯೂ ಮತ್ತೆ ಎರಡೆರಡಾಗುತ್ತಾ ಚರಂಡಿಯ ಕಡೆ ಬಂತು. ಲೆಕ್ಕ ಸರಿಯೆಂದು ಮೇಡಂ ಮೂರು ಸಲ ಹೇಳಿದ್ದಳು. ಆದರೆ ಮೇಸ್ತ್ರಿಗೆ ಈಗ ಯಾವ ಲೆಕ್ಕದ ಮೇಲೂ ನಂಬಿಕೆ ಉಳಿದಿರಲಿಲ್ಲ. ಎಲ್ಲಾದರೂ ಒಂದು ಕಡೆ ಟೇಪು ಸಡಿಲವಾಗಿದ್ದರೆ? ಕೊನೆಗೆ ಅಕ್ಕನ ಮನೆ. ದರ್ಜಿ ಟೇಪು ಎಳೆದ. "ಬಿಗಿಯಾಗಿ ಹಿಡಿ ಮಾರಾಯಾ, ಸಡಿಲ ಬಿಡಬೇಡ!" ಕಲ್ಲಿನ ಪಕ್ಕದ ಗೋಡೆಯ ಗೇಣು ಬಿಟ್ಟು ಬಗ್ಗಿ ಓದಿದ. "ಹತ್ತಡಿ ಎರಡಿಂಚು."

ಅಕ್ಕ ಇಸ್ತ್ರಿ ಮೇಜು ಎಳೆದಿಟ್ಟು ಸುತ್ತ ಒಂದು ಸುತ್ತು ಬಂದಳು. ಸೆರಗು ಎಲ್ಲೂ ತಾಗಲಿಲ್ಲ. "ಸಾಕು" ಎಂದಳು.

ಮೇಡಂ ಬರೆದುಕೊಂಡು ಕೇಳಿದಳು: "ಗೋಡೆ ಯಾರು ಕಟ್ತಾರೆ ಅಂತ ಬರೀಲಿ?"

ಎಲ್ಲರೂ ಸುಮ್ಮನಾದರು. ಬೆಳಿಗ್ಗೆಯಿಂದ ಪಟ್ಟ ಹೆದರಿಕೆಯೆಲ್ಲ ಈ ಮೌನದ ಮುಂದೆ ಏನೂ ಅಲ್ಲ ಎನಿಸಿತು ಮೇಸ್ತ್ರಿಗೆ. ಮಾತಾಡಿದ್ದು ಮಂಚದ ಮೇಲಿನ ಮುದುಕಿ.

"ಇವನೇ ಕಟ್ಲಿ ಬಿಡ್ರೋ. ಇನ್ನು ಸಾಯೋವರೆಗೂ ಗೋಡೆ ಮರೆಯಲ್ಲ ಇವನು."

ಜನ ನಕ್ಕರು, ಮೇಡಂ ಬರೆದುಕೊಂಡಳು. ಮೇಸ್ತ್ರಿಗೆ ನಗು ಬರಲಿಲ್ಲ. ಅಕ್ಕನ ಮನೆಗೂ ಆಯಾಳ ಮನೆಗೂ ನಡುವೆ ಹೊಸದಾಗಿ ಬಿದ್ದ ಎರಡು ಗೆರೆಗಳ ಸಂದಿಯಲ್ಲಿ ಪಾದದ ಮುಂದೆ ಪಾದವಿಟ್ಟು ನಿಂತಿದ್ದ. ಎತ್ತ ಕಾಲು ಇಟ್ಟರೂ ಯಾರದಾದರೂ ಗೆರೆ ಅಳಿಸೀತು ಎಂದು ಕದಲಲು ಅಂಜಿದ.

"ಬಾರೋ ಈಚೆ, ದಾಟಿಕೊಂಡು ಬಾ" ಎಂದು ಅಕ್ಕ ಕೈ ಚಾಚಿದಳು.

"ಇರು ಅಕ್ಕಾ" ಅಂದ. "ಇನ್ನೊಂದು ಸಲ ಅಳೆದುಬಿಡ್ತೀನಿ."